14 ಲೀಟರಿನ ಐಸ್ ಬಾಕ್ಸು, ಈಜುಕೊಳದ ಬುತ್ತಿ

ಬಳ್ಳಾರಿ ಬೆಂಗಳೂರು ರಸ್ತೆಯ ಅಂಗಡಿಯಲ್ಲಿ ಸಾವಿರದ ಇನ್ನೂರು ಹೇಳಿದರು. ಚೌಕಾಶಿ ಮಾಡಿ ಸಾವಿರದ ಐವತ್ತಕ್ಕೆ ತಂದೆ. ನೀಲಿ ಮೈ, ಬಿಳಿ ಮುಚ್ಚಳ, ಮೇಲೊಂದು ಹಿಡಿಕೆ, 14 ಲೀಟರು. ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಅಚ್ಚಿನ ಡಬ್ಬ ನಾಲ್ಕಾರು ಹೆಸರಲ್ಲಿ ಸಿಗುತ್ತದೆ, ಸ್ಟಿಕ್ಕರ್ ಮಾತ್ರ ಬೇರೆ. ಹಾಗಾಗಿ ನಾನು ಹೇಳುವುದು ಈ ನಮೂನೆ ಡಬ್ಬದ ಬಗ್ಗೆ, ಅದರೊಳಗೆ ಏನಿಡಬೇಕು ಏನಿಡಬಾರದು ಅನ್ನುವುದರ ಬಗ್ಗೆ. ಎರಡನೆಯದೇ ಜಾಸ್ತಿ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ. ಬಿಸಿಲಿಗೆ ಸರ್ಕಾರ ಕೊಟ್ಟ ರಿಯಾಯಿತಿ ಅದು. ಹೆಂಡತಿ ಬ್ಯಾಂಕಿನಲ್ಲಿದ್ದಾಳೆ, ಅವಳಿಗೆ ಈ ಭಾಗ್ಯ ಇಲ್ಲ. ಮಕ್ಕಳಿಗೆ ರಜೆ. ಹೀಗಾಗಿ ಸಂಜೆ ಬ್ಯಾಚಿಗೆ ಮಕ್ಕಳನ್ನು ಈಜಿಗೆ ಕರೆದೊಯ್ಯುವುದು, ಭಾನುವಾರ ಊರ ಹೊರಗಿನ ರೆಸಾರ್ಟಿನ ಕೊಳದಲ್ಲಿ ಇಡೀ ದಿನ ಕಳೆಯುವುದು, ಎರಡಕ್ಕೂ ಬುತ್ತಿ ಕಟ್ಟುವುದು, ಎಲ್ಲ ನನ್ನ ಪಾಲಿಗೆ ಬಂದಿದೆ. ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ, ಜೊತೆಗೆ ರಜೆಗೆ ಬಂದ ಅಕ್ಕನ ಮಗ. ಈ ಅಳಿಯ ನೀರಿನಿಂದ ಎದ್ದರೆ ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತಾನೆ.

ಅವ್ವನಿಗೆ ಈ ಖರೀದಿ ಸೇರಲಿಲ್ಲ. "ಆ ಪ್ಲಾಸ್ಟಿಕ್ ಡಬ್ಬಿಗೆ ಸಾವಿರ ರೂಪಾಯಿ ಕೊಟ್ಟು ಬಂದಿಯೇನೋ? ಹಸಿ ಬಟ್ಟಿ ಸುತ್ತಿದ್ರ ಮುಗೀತಿತ್ತು" ಅಂದಳು. ಅವಳ ಮಾತಿನಲ್ಲಿ ಹುರುಳಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಡಬ್ಬ. ಇದು ತಾನಾಗಿ ಏನನ್ನೂ ತಂಪು ಮಾಡುವುದಿಲ್ಲ. ಒಳಗಿಟ್ಟ ತಂಪು ಬೇಗ ಓಡಿಹೋಗದಂತೆ ತಡೆಯುತ್ತದೆ, ಅಷ್ಟೇ. "ಒಂದು ದಿನ ಐಸ್ ಹಂಗೇ ಇರ್ತೈತ್ರೀ ಸರ್" ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ ಬಿಸಿ ಅನ್ನದ ಡಬ್ಬಿ ತುಂಬಿಸಿ ಒಯ್ದರೆ ಮಧ್ಯಾಹ್ನಕ್ಕೆ ಬಿಸಿ ಅನ್ನವೇ ಸಿಗುತ್ತದೆ, ಹಳಸಿದ ವಾಸನೆ ಸಮೇತ.

ಡಬ್ಬದ ಗೋಡೆಯನ್ನು ಬೆರಳಿನಿಂದ ಬಡಿದರೆ ಮೊಂಡು ಶಬ್ದ ಬರುತ್ತದೆ. ಒಳಗೆ ಫೋಮ್ ತುಂಬಿದ್ದಾರೆ, ದಪ್ಪವೂ ಪರವಾಗಿಲ್ಲ. ಮುಚ್ಚಳ ಬಡಿದರೆ ಟೊಳ್ಳು. ಎರಡು ಪ್ಲಾಸ್ಟಿಕ್ ಹಾಳೆ, ನಡುವೆ ಬರೀ ಗಾಳಿ. ಅಂಚಿನಲ್ಲಿ ರಬ್ಬರ್ ಪಟ್ಟಿಯೂ ಇಲ್ಲ. ಮುಚ್ಚಳ ಸುಮ್ನೆ ಮೇಲೆ ಕೂರುತ್ತದೆ, ಒಂದು ಮೂಲೆಯಲ್ಲಿ ಪೋಸ್ಟ್‌ಕಾರ್ಡ್ ತೂರಿಸಬಹುದು. ಈ ಬೆಲೆಯ ಡಬ್ಬಗಳಲ್ಲಿ ಬಹಳಷ್ಟು ಹೀಗೇ ಇವೆ. ಅಂಗಡಿಯಲ್ಲಿ ಪಕ್ಕದ ಎರಡನ್ನೂ ಬಡಿದು ನೋಡಿದೆ, ಅವೂ ಟೊಳ್ಳೇ.

ಇದಕ್ಕೆ ಉಪಾಯ ನಮ್ಮ ಓಣಿಯಲ್ಲೇ ಸಿಕ್ಕಿತು. ಬಳ್ಳಾರಿ ಜೀನ್ಸ್ ಹೊಲಿಯುವ ಊರು, ಕತ್ತರಿಸಿ ಉಳಿದ ತುಂಡು ಬಟ್ಟೆಗೆ ಇಲ್ಲಿ ಬರವಿಲ್ಲ. ಒಂದಿಂಚು ದಪ್ಪದ ಥರ್ಮಕೋಲ್ ಹಾಳೆಯನ್ನು ಡಬ್ಬದ ಬಾಯಿಯ ಅಳತೆಗೆ ಕೊಯ್ದು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಓಣಿಯ ಟೈಲರ್ ಹತ್ತಿರ ಜೀನ್ಸ್ ತುಂಡಿನಲ್ಲಿ ದಿಂಬಿನ ಹಾಗೆ ಹೊಲಿಸಿದೆ. ನಲವತ್ತು ರೂಪಾಯಿ ತಗೊಂಡ. ಡಬ್ಬಿಗಳ ಮೇಲೆ ಅದನ್ನು ಒತ್ತಿ ಕೂರಿಸಿ, ಆಮೇಲೆ ಕಂಪನಿಯ ಮುಚ್ಚಳ. ಥರ್ಮಕೋಲ್ ಅಂದರೆ ಸಣ್ಣ ಸಣ್ಣ ಗೂಡುಗಳಲ್ಲಿ ಸಿಕ್ಕಿಬಿದ್ದ ಗಾಳಿ. ಗಾಳಿ ಓಡಾಡದಿದ್ದರೆ ಶಾಖ ದಾಟುವುದು ಕಷ್ಟ. ಟೊಳ್ಳು ಮುಚ್ಚಳದಲ್ಲೂ ಗಾಳಿ ಇದೆ ನಿಜ, ಆದರೆ ಅಲ್ಲಿ ಅದು ಆರಾಮಾಗಿ ಸುತ್ತಾಡುತ್ತದೆ.

ಐಸಿನ ವಿಷಯ. ಅಂಗಡಿಯವರು ಜೆಲ್ ಪ್ಯಾಕ್ ಕೂಡ ಹಚ್ಚಲು ನೋಡಿದರು. ಬೇಡ ಅಂದೆ. ಒಂದು ಲೀಟರಿನ ಎರಡು ನೀರಿನ ಬಾಟಲಿ ಸಾಕು. ಮುಕ್ಕಾಲಿಗಿಂತ ಸ್ವಲ್ಪ ಮೇಲೆ ತುಂಬಿಸಿ, ಫ್ರೀಜರಿನಲ್ಲಿಡಿ. ಪೂರ್ತಿ ತುಂಬಿಸಬೇಡಿ, ನೀರು ಗಡ್ಡೆ ಕಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಬಾಟಲಿ ಸೀಳುತ್ತದೆ. ಐಸು ಕರಗಲು ಗ್ರಾಂಗೆ 80 ಕ್ಯಾಲೊರಿ ಶಾಖ ಹೀರುತ್ತದೆ, ಅದೇ ನೀರು ಒಂದು ಡಿಗ್ರಿ ಏರಲು ಒಂದೇ ಕ್ಯಾಲೊರಿ. ಅದಕ್ಕೇ ಫ್ರಿಜ್ಜಿನ ತಣ್ಣೀರಿನ ಬಾಟಲಿ ಎಷ್ಟಿಟ್ಟರೂ ಗಡ್ಡೆ ಕಟ್ಟಿದ ಬಾಟಲಿಯ ಕೆಲಸ ಆಗುವುದಿಲ್ಲ. ಚೂರು ಐಸಿಗಿಂತ ಇಡೀ ಗಡ್ಡೆ ನಿಧಾನಕ್ಕೆ ಕರಗುತ್ತದೆ. ಕರಗಿದ ಮೇಲೆ ಕುಡಿಯಲೂ ಬಂತು. ಜೆಲ್ ಪ್ಯಾಕು ಕುಡಿಯಲು ಬರುತ್ತದಾ?

ನೀರಿಗೆ ಉಪ್ಪು ಹಾಕಿದರೆ ಇನ್ನೂ ತಂಪು ಅಂತ ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ಉಪ್ಪು ನೀರು ಗಡ್ಡೆ ಕಟ್ಟುವುದು ಸೊನ್ನೆಗಿಂತ ಕೆಳಗೆ, ಅದು ನಿಜ. ಆದರೆ ಅಂಥ ಬಾಟಲಿಗೆ ತಾಗಿದ ಮೊಸರು ತಾನೂ ಗಡ್ಡೆ ಕಟ್ಟಿ ಆಮೇಲೆ ನೀರೊಡೆಯುತ್ತದೆ. ನಮಗೆ ಬೇಕಿರುವುದು ಫ್ರಿಜ್ಜಿನಷ್ಟು ತಂಪು. ಐಸ್‌ಕ್ರೀಮ್ ಅಂಗಡಿ ನಡೆಸುವುದಿಲ್ಲವಲ್ಲ.

ಒಂದು ಬಾಟಲಿ ಅಡಿಯಲ್ಲಿ ಮಲಗಿಸಿ, ಇನ್ನೊಂದು ಡಬ್ಬಿಗಳ ಮೇಲೆ. ತಣ್ಣನೆ ಗಾಳಿ ಕೆಳಗಿಳಿಯುತ್ತದೆ, ಹಾಗಾಗಿ ಮೇಲೊಂದು ಇರಲೇಬೇಕು. ನಡುವೆ ಖಾಲಿ ಜಾಗ ಉಳಿದರೆ ಟವೆಲ್ ತುರುಕಿ. ರಾತ್ರಿ ಕರೆಂಟ್ ಹೋಗುವ ಓಣಿಯವರು ಬಾಟಲಿಯನ್ನು ಶುಕ್ರವಾರವೇ ಫ್ರೀಜರಿಗೆ ಹಾಕಿಡಿ. ಶನಿವಾರ ರಾತ್ರಿ ನೆನಪಾಗಿ ಹಾಕಿದ್ದು ಭಾನುವಾರ ಬೆಳಿಗ್ಗೆ ಹೊರಗೆ ಗಟ್ಟಿ, ಒಳಗೆ ಗುಳುಗುಳು.

ಹೀಗೆ ತುಂಬಿಸಿ ಬೆಳಿಗ್ಗೆ 9ಕ್ಕೆ ಮುಚ್ಚಿದ ಡಬ್ಬವನ್ನು ರೆಸಾರ್ಟಿನ ಬೇವಿನ ಮರದ ನೆರಳಲ್ಲಿಟ್ಟು, ಮಧ್ಯಾಹ್ನ 1ಕ್ಕೆ ತೆಗೆದೆ. ಮೇಲಿನ ಬಾಟಲಿಯಲ್ಲಿ ಅರ್ಧ ಗಡ್ಡೆ, ಕೆಳಗಿನದರಲ್ಲಿ ಇನ್ನೂ ಜಾಸ್ತಿ. ಮೊಸರನ್ನದ ಸ್ಟೀಲ್ ಡಬ್ಬಿ ಮುಟ್ಟಿದರೆ ಬೆರಳು ಚುಳ್ ಅನ್ನುತ್ತಿತ್ತು. 4ಕ್ಕೆ ಹೊರಡುವಾಗ ಕೆಳಗಿನ ಬಾಟಲಿಯಲ್ಲಿ ಮುಷ್ಟಿಯಷ್ಟು ಗಡ್ಡೆ ತೇಲುತ್ತಿತ್ತು. 40 ಡಿಗ್ರಿ ದಾಟುವ ಊರಿನಲ್ಲಿ, ಸಾವಿರ ರೂಪಾಯಿ ಡಬ್ಬಕ್ಕೆ ಇದು ಚೆನ್ನಾಯಿತು ಅಂತಲೇ ನನ್ನ ಲೆಕ್ಕ. ಜೀನ್ಸ್ ದಿಂಬಿಲ್ಲದೆ ಒಯ್ದಾಗ 2ಕ್ಕೇ ಎರಡೂ ನೀರಾಗಿದ್ದವು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರಂತೂ ಕೇಳಲೇಬೇಡಿ, ಕಾರಿನ ಒಳಗೆ ಹೊರಗಿಗಿಂತ ಎಷ್ಟೋ ಜಾಸ್ತಿ ಶಾಖ ಇರುತ್ತದೆ. ಡಬ್ಬ ನಿಮ್ಮ ಜೊತೆ ನೆರಳಿಗೆ ಬರಬೇಕು.

ಕುಡಿಯುವ ನೀರನ್ನು ಇದರೊಳಗೆ ಇಡಬೇಡಿ. ಮಕ್ಕಳು ಹತ್ತು ನಿಮಿಷಕ್ಕೊಮ್ಮೆ ಬಂದು ಮುಚ್ಚಳ ತೆಗೆಯುತ್ತಾರೆ, ಪ್ರತಿ ಸಲ ತಂಪು ಹೋಗುತ್ತದೆ. ನೀರು ಬೇರೆ ಇರಲಿ. ಇಲ್ಲಿ ಅವ್ವನ ಹಸಿ ಬಟ್ಟೆ ಗೆಲ್ಲುತ್ತದೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆ ಗಾಳಿ ಒಣಗಿರುತ್ತದೆ, ಹಸಿ ಬಟ್ಟೆಯ ನೀರು ಭರಭರನೆ ಆರುತ್ತದೆ, ಆರುವಾಗ ಒಳಗಿನ ಶಾಖ ಎಳೆದುಕೊಂಡು ಹೋಗುತ್ತದೆ. ಗಡಿಗೆ ನೀರು, ತತ್ರಾಣಿ ನೀರು ತಣ್ಣಗಾಗುವುದೂ ಹೀಗೇ. ದೊಡ್ಡ ಸ್ಟೀಲ್ ಕ್ಯಾನಿಗೆ ಹಳೆ ಪಂಚೆ ಸುತ್ತಿ, ನೀರು ಚಿಮುಕಿಸಿ, ಗಾಳಿ ಆಡುವ ನೆರಳಲ್ಲಿಟ್ಟರೆ ಗಂಟಲಿಗೆ ಹಿತವಾದ ನೀರು ಇಡೀ ದಿನ. ಕೊಯ್ಯದ ಕಲ್ಲಂಗಡಿಗೂ ಇದೇ ಉಪಾಯ ನಡೆಯುತ್ತದೆ. ಆದರೆ ಮೊಸರು, ಅನ್ನ, ಕೊಯ್ದ ಹಣ್ಣಿಗೆ ಹಸಿ ಬಟ್ಟೆ ಸಾಲದು. ಅಷ್ಟು ತಂಪು ಅದರಿಂದ ಬರುವುದಿಲ್ಲ.

ಯಾಕೆ ಸಾಲದು ಅಂದರೆ, ಆಹಾರ ಕೆಡಿಸುವ ಬ್ಯಾಕ್ಟೀರಿಯಾಗೆ 5ರಿಂದ 60 ಡಿಗ್ರಿ ನಡುವೆ ಸುಗ್ಗಿ. ಮಾಡಿದ ಅಡುಗೆಯನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು ಅಂತಾರೆ. ಹೊರಗಿನ ಶಾಖ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ನಮ್ಮೂರಲ್ಲಿ ಬೇಸಿಗೆಯಲ್ಲಿ 32 ಅಂದರೆ ಬೆಳಗಿನ ತಿಂಡಿ ಹೊತ್ತು. ಎರಡು ಗಂಟೆಯ ಮಾತು ನಮಗೆ ಬರೆದಿದ್ದಲ್ಲ.

ಮೊಸರನ್ನದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಎಲ್ಲರೂ ಒಯ್ಯುವುದು ಅದನ್ನೇ, ಕೆಡುವುದೂ ಅದೇ. ಹುಳಿಯಾಗುವುದು ದೊಡ್ಡ ಸಮಸ್ಯೆ ಅಲ್ಲ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ಅವು ಕುದಿಸಿದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಬೆಚ್ಚಗೆ ಕೂತರೆ ಮೊಳೆತು ಬೆಳೆದು ವಿಷ ಬಿಡುತ್ತವೆ. ವಾಂತಿ ಮಾಡಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಮಾಡಬೇಕಾದ್ದು, ಅನ್ನವನ್ನು ಬೇಗ ಆರಿಸುವುದು. ನಾನು ಬೆಳಿಗ್ಗೆ ಐದೂವರೆಗೆ ಅನ್ನ ಮೆತ್ತಗೆ ಮಾಡಿ, ಬಿಸಿಯಲ್ಲೇ ಸೌಟಿನ ಹಿಂಬದಿಯಿಂದ ಮಸೆದು, ಹಾಲು ಹಾಕಿ ಕಲಸಿ, ಅಗಲದ ಪರಾತದಲ್ಲಿ ತೆಳುವಾಗಿ ಹರಡಿ ಫ್ಯಾನ್ ಕೆಳಗಿಡುತ್ತೇನೆ. ಹಬೆ ಹೋಗಿ ಕೈಗೆ ತಣ್ಣಗೆ ಅನ್ನಿಸಿದ ಮೇಲೆ ಮೊಸರು. ಅದೂ ಎರಡೇ ಚಮಚ. ಹಾಲು ಜಾಸ್ತಿ ಇರುವುದರಿಂದ ಮಧ್ಯಾಹ್ನಕ್ಕೆ ಹುಳಿ ಏರುವುದಿಲ್ಲ. ಉಪ್ಪು, ಸಾಸಿವೆ, ಕರಿಬೇವು, ಶುಂಠಿಯ ಒಗ್ಗರಣೆ ಆರಿಸಿ ಸೇರಿಸಿ, ಡಬ್ಬಿಗೆ ತುಂಬಿ ಫ್ರಿಜ್ಜಿಗೆ. ಹೊರಡುವ ಹೊತ್ತಿಗೆ ಅದು ತಣ್ಣಗೆ ಕೊರೆಯುತ್ತಿರಬೇಕು, ಆಗ ಮಾತ್ರ ಐಸ್ ಬಾಕ್ಸಿಗೆ. ತುರಿದ ಗಜ್ಜರಿ, ದಾಳಿಂಬೆ ಹಾಕಬಹುದು. ಉಳ್ಳಾಗಡ್ಡಿ ಬೇಡ. ಹೆಚ್ಚಿದ ಉಳ್ಳಾಗಡ್ಡಿ ನಾಲ್ಕು ಗಂಟೆ ಮುಚ್ಚಿದ ಡಬ್ಬಿಯಲ್ಲಿ ಕೂತರೆ ಬಾಕ್ಸಿನೊಳಗಿನ ಎಲ್ಲಕ್ಕೂ ಅದರದೇ ವಾಸನೆ.

ಡಬ್ಬಿ ಸ್ಟೀಲಿನದೇ ಇರಲಿ, ಕ್ಲಿಪ್ ಮತ್ತು ರಬ್ಬರ್ ಪಟ್ಟಿ ಇರುವಂಥದ್ದು. ಸ್ಟೀಲು ಐಸಿನ ತಂಪನ್ನು ಬೇಗ ಒಳಗೆ ಬಿಡುತ್ತದೆ. ಐಸ್ ಕರಗಿ ಬಾಟಲಿ ಬೆವರಿದರೂ ನೀರು ಒಳಗೆ ಇಳಿಯುವುದಿಲ್ಲ. ಗಾಜಿನದು ಬೇಡವೇ ಬೇಡ. ಬರಿಗಾಲಲ್ಲಿ ಮಕ್ಕಳು ಓಡುವ ಜಾಗ ಅದು.

ಇನ್ನು ನಮ್ಮ ಕಡೆಯ ಬುತ್ತಿಯಲ್ಲಿ ಅರ್ಧಕ್ಕರ್ಧ ಐಸ್ ಬಾಕ್ಸನ್ನು ಕೇಳುವುದೇ ಇಲ್ಲ. ನಾನು ಈ ಡಬ್ಬ ತಂದ ಮೇಲೆ ಕಲಿತದ್ದು ಇದನ್ನೇ. 14 ಲೀಟರಿನಲ್ಲಿ ಎರಡು ಬಾಟಲಿ ಐಸ್ ಹೋದರೆ ಉಳಿಯುವ ಜಾಗ ಸ್ವಲ್ಪ. ಅದನ್ನು ಮೊಸರು, ಅನ್ನ, ಕೊಯ್ದ ಹಣ್ಣು, ಮಜ್ಜಿಗೆ, ಮೊಟ್ಟೆಗೆ ಮೀಸಲಿಡಿ. ಮಿಕ್ಕಿದ್ದೆಲ್ಲ ಬಟ್ಟೆ ಚೀಲಕ್ಕೆ.

ಖಡಕ್ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯಲ್ಲಿ ನೀರಿನಂಶ ತೀರಾ ಕಡಿಮೆ, ಒಣಗಿದ್ದರೆ ಅದು ಬೇಗ ಕೆಡುವುದಿಲ್ಲ. ಜೊತೆಗೆ ಶೇಂಗಾ ಪುಡಿ, ಗುರೆಳ್ಳು ಪುಡಿ. ಅಲ್ಲಿ ಹೋಗಿ ತಣ್ಣನೆ ಮೊಸರಿನಲ್ಲಿ ಪುಡಿ ಕಲಸಿ ರೊಟ್ಟಿ ಮುರಿದು ಅದ್ದಿ ತಿಂದರೆ ಆ ರುಚಿಗೆ ಯಾವ ರೆಸಾರ್ಟಿನ ಸ್ಯಾಂಡ್‌ವಿಚ್ಚೂ ಬರುವುದಿಲ್ಲ. ಒಂದೇ ತೊಂದರೆ, ಮಕ್ಕಳು ತಲೆ ಒರೆಸದೆ ಬಂದು ಬಗ್ಗುತ್ತಾರೆ. ಕೂದಲಿನಿಂದ ತೊಟ್ಟಿಕ್ಕಿದ ನೀರಿಗೆ ಮೇಲಿನ ನಾಲ್ಕು ರೊಟ್ಟಿ ಮೆತ್ತಗಾಗುತ್ತವೆ. ಆ ನಾಲ್ಕು ಯಾವಾಗಲೂ ನನಗೇ.

ಮಂಡಾಳಿನ, ಅಂದರೆ ಮಂಡಕ್ಕಿಯ ವಿಷಯದಲ್ಲಿ ಮನೆಯಲ್ಲಿ ಜಗಳ ಇದೆ. ಬಳ್ಳಾರಿಯವರಿಗೆ ಮಂಡಾಳಿನ ಒಗ್ಗರಣೆ, ಮಿರ್ಚಿ ಬಜ್ಜಿ ಅಂದರೆ ಪ್ರಾಣ. ನೀರಿನಿಂದ ಎದ್ದು ಮೈ ನಡುಗುವಾಗ ಬಿಸಿ ಬಿಸಿ ಮಿರ್ಚಿ ಬೇಕು ಅನ್ನುವುದು ಅರ್ಥವಾಗುವ ಮಾತೇ. ಸಂಜೆ ಈಜುಕೊಳದ ಗೇಟಿನ ಎದುರು ಬಂಡಿ ನಿಂತಿರುತ್ತದೆ, ಎಣ್ಣೆ ವಾಸನೆ ಒಳಗಿನ ತನಕ ಬರುತ್ತದೆ. ಮಗ ನೀರಿನಲ್ಲೇ "ಅಪ್ಪಾ, ಮಿರ್ಚಿ" ಅಂತ ಶುರು. ಒಪ್ಪಂದ ಹೀಗಿದೆ: ಶನಿವಾರ ಒಂದು ದಿನ ಬಂಡಿಯದ್ದು, ಉಳಿದ ದಿನ ಮನೆಯದ್ದು. ನೆನೆಸಿದ ಮಂಡಾಳಿನ ಒಗ್ಗರಣೆ ಡಬ್ಬಿಯಲ್ಲಿ ಮುದ್ದೆಯಾಗುತ್ತದೆ, ಒಯ್ಯಲು ಬರುವುದಿಲ್ಲ. ಅದಕ್ಕೆ ಒಣ ಮಂಡಾಳಿಗೆ ಸ್ವಲ್ಪ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಅರಿಶಿನ, ಶೇಂಗಾ, ಪುಟಾಣಿ ಹಾಕಿ ಗರಿಗರಿ ಆಗುವ ತನಕ ಹುರಿದು ಡಬ್ಬಿಗೆ ತುಂಬಿಸುತ್ತೇನೆ. ವಾರ ಬರುತ್ತದೆ, ಅಳಿಯ ಇಲ್ಲದಿದ್ದರೆ. ಶೇಂಗಾ, ಪುಟಾಣಿಯನ್ನು ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯಾಗಿ ಕೊಡಬೇಡಿ, ಅದರಲ್ಲೂ ಓಡುತ್ತಾ ತಿನ್ನುವ ಮಕ್ಕಳಿಗೆ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿಯನ್ನೂ ಉದ್ದುದ್ದ ಸೀಳಿ ಕೊಡಬೇಕು. ನಮ್ಮ ಪಕ್ಕದವರ ಮೂರು ವರ್ಷದ ಕೂಸು ಜೊತೆಗೆ ಬಂದಾಗ ಶೇಂಗಾ ಉಂಡೆಯನ್ನು ಪುಡಿ ಮಾಡಿ ರೊಟ್ಟಿಯ ಮೇಲೆ ಉದುರಿಸಿ ಕೊಟ್ಟೆ, ಖುಷಿಯಾಗಿ ತಿಂತು.

ಪುಳಿಯೋಗರೆ ಪರವಾಗಿಲ್ಲ, ಹುಣಸೆ ಹುಳಿ, ಎಣ್ಣೆ ಎರಡೂ ಕಾಯುತ್ತವೆ. ಆದರೂ ಅನ್ನ ಅನ್ನವೇ, ನಾನು ಬಾಕ್ಸಿನೊಳಗೇ ಇಡುತ್ತೇನೆ. ಚಪಾತಿ ರೋಲ್, ಪನೀರ್ ಎಲ್ಲ ಮಗಳ ಬೇಡಿಕೆ. ಮಾಡಿ ಒಯ್ದೆ. ಪನೀರಿಗೆ ಐಸ್ ಬೇಕು, ಐಸಿನಲ್ಲಿಟ್ಟ ಚಪಾತಿ ಬಿರುಸು. ಎರಡಕ್ಕೂ ನ್ಯಾಯ ಸಿಗಲ್ಲ.

ಬೇಯಿಸಿದ ಮೊಟ್ಟೆ ಒಳ್ಳೇ ಬುತ್ತಿ, ಈಜಿ ಬಂದವರಿಗೆ ಹೊಟ್ಟೆ ನಿಲ್ಲುತ್ತದೆ. ಸಿಪ್ಪೆ ಸಮೇತ ಒಯ್ದು ಅಲ್ಲೇ ಸುಲಿಯಬೇಕು. ಅವ್ವನ ಮಡಿ ಮೊಸರನ್ನದ ಪಕ್ಕ ಮೊಟ್ಟೆ ಕೂರುವಂತಿಲ್ಲ, ಹಾಗಾಗಿ ಅವ್ವ ಬರುವ ಭಾನುವಾರ ಮೊಟ್ಟೆಗೆ ರಜೆ. ಹೆಸರುಕಾಳಿನ ಮೊಳಕೆಯನ್ನು ಹಸಿಯಾಗಿ ಒಯ್ಯುವ ಬದಲು ಐದು ನಿಮಿಷ ಹಬೆಯಲ್ಲಿ ಬೇಯಿಸಿ. ಮೊಳಕೆ ಬರುವ ಬೆಚ್ಚನೆ ಒದ್ದೆಯಲ್ಲೇ ಬ್ಯಾಕ್ಟೀರಿಯಾ ಕೂಡ ಬೆಳೆಯುತ್ತವೆ. ಸೌತೆಕಾಯಿ ಜೊತೆ ಕಲಸಿ, ಉಪ್ಪು, ನಿಂಬೆಹಣ್ಣು ಬೇರೆ ಒಯ್ಯಿರಿ. ಮನೆಯಲ್ಲೇ ಉಪ್ಪು ಹಾಕಿದರೆ ಡಬ್ಬಿಯಲ್ಲಿ ಅರ್ಧ ನೀರು.

ಹಣ್ಣಿನಲ್ಲಿ ಕಲ್ಲಂಗಡಿಯೇ ಮೊದಲು. ಅದರಲ್ಲಿ ಶೇ 90ಕ್ಕಿಂತ ಜಾಸ್ತಿ ನೀರು. ಮನೆಯಲ್ಲೇ ಬೀಜ ತೆಗೆದು ಚೌಕ ಚೌಕ ಕೊಯ್ದು ಬಾಕ್ಸಿನ ಅಡಿಯಲ್ಲಿಡಿ. ಕರಬೂಜವನ್ನು ಕೊಯ್ಯುವ ಮೊದಲು ಸಿಪ್ಪೆಯನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಆ ಬಲೆಬಲೆ ಸಿಪ್ಪೆಯ ಸಂದಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಇರುತ್ತವೆ, ಚಾಕು ಅದನ್ನೇ ಒಳಗೆ ಒಯ್ಯುತ್ತದೆ. ಬಾಳೆಹಣ್ಣು ಐಸಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ, ಮಕ್ಕಳು ಮುಟ್ಟುವುದಿಲ್ಲ. ಹೊರಗೇ ಇರಲಿ. ತಾಟಿನುಂಗು ಸಿಕ್ಕರೆ ದಾರಿಯಲ್ಲೇ ಎಳೆಯದು ನೋಡಿ ಸುಲಿಸಿಕೊಂಡು ಹೋಗಿ, ಅದೇ ದಿನ ಮುಗಿಸಿ. ಮಾವು ಮನೆಯಲ್ಲೇ ಚೆನ್ನ. ಕೊಳದ ಪಕ್ಕದ ಹುಲ್ಲಿನಲ್ಲಿ ಕೂತು ಮಾವು ಚೀಪಿದರೆ ಇರುವೆಗಳ ಇಡೀ ಸಂಸಾರ ಬರುತ್ತದೆ.

ಕುಡಿಯುವುದಕ್ಕೆ. ನೀರಿನಲ್ಲಿದ್ದರೂ ಮೈ ಬೆವರುತ್ತದೆ, ಗೊತ್ತಾಗುವುದಿಲ್ಲ ಅಷ್ಟೇ. ಮಕ್ಕಳಿಗಂತೂ ಬಾಯಾರಿಕೆಯ ನೆನಪೇ ಇರುವುದಿಲ್ಲ. ಅರ್ಧ ಗಂಟೆಗೊಮ್ಮೆ ಕರೆದು ಕುಡಿಸಬೇಕು. ನಮ್ಮಲ್ಲಿ ನೀರು, ಮಜ್ಜಿಗೆ, ಒಮ್ಮೊಮ್ಮೆ ಅಂಬಲಿ. ಜೋಳದ ಅಂಬಲಿಯನ್ನು ಹಿಂದಿನ ರಾತ್ರಿ ಕಾಯಿಸಿ ಆರಿಸಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಮಜ್ಜಿಗೆ, ಉಪ್ಪು, ಜೀರಿಗೆ ಪುಡಿ ಬೆರೆಸಿ ತೆಳ್ಳಗೆ ಮಾಡಿದರೆ ಕುಡಿದವರಿಗೆ ಹಸಿವೂ ಹೋಗುತ್ತದೆ. ಮಗಳು ಮೊದಲು ಮೂಗು ಮುರಿದಳು. ಗೆಳತಿಯರು ಇಸಿದುಕೊಂಡು ಕುಡಿದ ಮೇಲೆ ಈಗ ತಾನೇ ಕೇಳುತ್ತಾಳೆ. ಮಜ್ಜಿಗೆ ಒಯ್ಯಲು ಫ್ಲಾಸ್ಕ್ ಒಳ್ಳೆಯದೇ, ಆದರೆ ಮುಚ್ಚಳದ ರಬ್ಬರ್ ಉಂಗುರ ಬಿಚ್ಚಿ ತೊಳೆಯಬೇಕು. ಇಲ್ಲದಿದ್ದರೆ ವಾರದಲ್ಲಿ ಹುಳಿ ವಾಸನೆ ಕಾಯಂ.

ನನ್ನಾರಿ (ಸೊಗದೆ ಬೇರಿನ) ಶರಬತ್ತು ನನಗೂ ಇಷ್ಟ, ಆದರೆ ಅದು ಸಕ್ಕರೆ ಪಾಕ. ಒಂದು ಲೋಟಕ್ಕೆ ಒಂದೇ ಚಮಚ, ಮೇಲೆ ಅರ್ಧ ನಿಂಬೆ. ರೆಸಾರ್ಟಿನ ಕೌಂಟರಿನಲ್ಲಿ ಸಿಗುವ ಕೋಲಾ ಥರದ ಪಾನೀಯದಲ್ಲಿ 100 ಮಿಲಿಗೆ 10-11 ಗ್ರಾಂ ಸಕ್ಕರೆ. 250 ಮಿಲಿಯ ಸಣ್ಣ ಬಾಟಲಿ ಅಂದರೆ ಐದಾರು ಚಮಚ ಸಕ್ಕರೆ ಬಾಯಿಗೆ ಸುರಿದಂತೆ. ಓಆರ್‌ಎಸ್ ಪೊಟ್ಟಣ ಒಂದೆರಡು ಚೀಲದಲ್ಲಿ ಇರಲಿ, ವಾಂತಿ, ಭೇದಿ, ಸುಸ್ತು ಅಂದಾಗ ಬೇಕಾಗುತ್ತದೆ. ದೊಡ್ಡ ಪೊಟ್ಟಣ ಪೂರ್ತಿಯಾಗಿ 1 ಲೀಟರ್ ನೀರಿಗೆ. ಡಬ್ಬಿಯಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯವನ್ನು ಓಆರ್‌ಎಸ್ ಅಂತ ಕೊಳ್ಳಬೇಡಿ. ಅಂಥವುಗಳ ಮೇಲೆ ಆ ಹೆಸರು ಹಾಕುವಂತಿಲ್ಲ ಎಂದು 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿತು.

ಯಾವಾಗ ತಿನ್ನಿಸುವುದು? "ಹೊಟ್ಟಿ ತುಂಬಿಸಿ ಕಳಿಸಬ್ಯಾಡ್ರಿ ಸರ್, ಆಮೇಲೆ ಕೈಕಾಲು ಆಡಿಸಲ್ಲ" ಅಂತ ಕೋಚ್ ಹೇಳುತ್ತಾರೆ. ಉಂಡು ನೀರಿಗಿಳಿದರೆ ಮುಳುಗಿಹೋಗುತ್ತಾರೆ ಅನ್ನುವ ಹಳೆ ಹೆದರಿಕೆಗೆ ಆಧಾರ ಕಡಿಮೆ. ಆದರೆ ಹೊಟ್ಟೆ ಭಾರ ಇದ್ದರೆ ಮೈ ಜಡವಾಗುವುದು ನಿಜ. ಇಳಿಯುವ ಅರ್ಧ ಗಂಟೆ ಮುಂಚೆ ಬಾಳೆಹಣ್ಣೋ ಖರ್ಜೂರವೋ, ಎದ್ದ ಮೇಲೆ ಊಟ. ಊಟಕ್ಕೆ ಮುಂಚೆ ಕೈಗೆ ಸಾಬೂನು. ಕ್ಲೋರಿನ್ ನೀರಿನಲ್ಲೇ ಇದ್ದೆವಲ್ಲ ಅಂತ ಮಕ್ಕಳ ವಾದ. ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಭೇದಿಯ ಪರೋಪಜೀವಿ ಕ್ಲೋರಿನ್ ಸರಿಯಾಗಿ ಹಾಕಿದ ಕೊಳದಲ್ಲೂ ದಿನಗಟ್ಟಲೆ ಬದುಕುತ್ತದೆ ಅಂತ ಹೇಳಿದ ಮೇಲೆ ಮಗಳು ಮಾತ್ರ ತೊಳೆಯುತ್ತಾಳೆ. ಅವಳೇ ಉಳಿದಿಬ್ಬರನ್ನು ಎಳೆದುಕೊಂಡು ಹೋಗುತ್ತಾಳೆ.

ಸಂಜೆಯ ಬ್ಯಾಚಿಗೆ ಈ ಐಸ್ ಬಾಕ್ಸ್ ಹೊರುವ ಅಗತ್ಯ ಇಲ್ಲ. ಒಣ ಮಂಡಾಳು, ಬಾಳೆಹಣ್ಣು, ಶೇಂಗಾ ಉಂಡೆ, ಪಂಚೆ ಸುತ್ತಿದ ನೀರು, ಮುಗೀತು. ಬಾಕ್ಸ್ ಭಾನುವಾರದ ಸಾಮಾನು. ತುಂಬಿದ ಮೇಲೆ ಅದರ ಭಾರವೂ ಕಡಿಮೆ ಇಲ್ಲ, ಹಿಡಿಕೆ ಅಂಗೈಗೆ ಕೊರೆಯುತ್ತದೆ. ದೊಡ್ಡದು ಕೊಳ್ಳೋಣ ಅಂದಿದ್ದಳು ಹೆಂಡತಿ. ಈಗ ಕಾರಿನಿಂದ ಬೇವಿನ ಮರದ ತನಕ ಒಯ್ಯುವ ಪಾಳಿ ಅವಳದಾದಾಗ ಆ ಮಾತು ಎತ್ತುವುದಿಲ್ಲ. ಐದಾರು ಜನಕ್ಕೆ 14 ಲೀಟರ್ ಸರಿ.

ಹೊಸದರಲ್ಲಿ ಪ್ಲಾಸ್ಟಿಕ್ ವಾಸನೆ ಇತ್ತು. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಮುಚ್ಚಳ ತೆಗೆದು ನೆರಳಲ್ಲಿಟ್ಟ ಮೇಲೆ ಹೋಯಿತು. ಬಳಸಿದ ರಾತ್ರಿಯೇ ತೊಳೆದು ಬಾಯಿ ತೆರೆದು ಒಣಗಿಸಬೇಕು. ನೀರು ಬಿಡುವ ಬಿರಡೆ ಇಲ್ಲ, ಬಗ್ಗಿಸಿ ಚೆಲ್ಲಬೇಕು. ಇದು ದೊಡ್ಡ ಕುಂದೇನಲ್ಲ. ನಿಜವಾದ ಕುಂದು ಮುಚ್ಚಳದ ಕೀಲು. ಎರಡು ಸಣ್ಣ ಪ್ಲಾಸ್ಟಿಕ್ ಗೂಟಗಳ ಮೇಲೆ ಮುಚ್ಚಳ ನಿಂತಿದೆ. ಅಳಿಯ ಒಮ್ಮೆ ಅದರ ಮೇಲೆ ಕೂತ, ಒಂದು ಗೂಟ ಮುರಿಯಿತು. ಬಿಡಿ ಭಾಗ ಸಿಗುತ್ತದೆಯೇ ಅಂತ ಅಂಗಡಿಗೆ ಹೋದರೆ, "ಅದು ಬರಲ್ಲ ಸರ್, ಹೊಸಾದು ತಗೋರಿ" ಅಂದರು. ನಮ್ಮ ಸೈಕಲ್ ರಿಪೇರಿಯವನು ಒಂದು ಬೋಲ್ಟು, ಎರಡು ವಾಷರ್ ಹಾಕಿ ಬಿಗಿದುಕೊಟ್ಟ. ಹತ್ತು ರೂಪಾಯಿ. ಕಂಪನಿಯ ಇನ್ನೊಂದು ಗೂಟಕ್ಕೂ ಅವನ ಹತ್ತಿರ ಬೋಲ್ಟು ಹಾಕಿಸಬೇಕು, ಅದೂ ಈಗ ಅಲ್ಲಾಡುತ್ತಿದೆ.